ಬರೆಯೊಳಗಿನ ಬಾಗಿಲು

ಬಿಜೈಯಲ್ಲಿರುವ ಗೆಳೆಯನ ಫ್ಲಾಟಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಅವನ ಲ್ಯಾಪ್‌ಟಾಪ್ ಪಕ್ಕದ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ತೆಂಗಿನ ನಾರಿನ ಪುಡಿ, ಒಂದು ಮುಚ್ಚಳ ನೀರು, ಕೆಂಪು ಮಂಡಿಯ ಒಂದು ಮೆಕ್ಸಿಕನ್ ಟರಾಂಟುಲಾ. ವಾರಕ್ಕೊಂದು ಜಿರಳೆ ಹಾಕಿದರೆ ಸಾಕಂತೆ. ನಾಯಿ ಸಾಕಲು ಓನರ್ ಬಿಡುವುದಿಲ್ಲ, ಜೇಡ ಇರುವುದು ಓನರ್‌ಗೆ ಗೊತ್ತೇ ಇಲ್ಲ.

ಕಳೆದ ಮಳೆಗಾಲದಲ್ಲಿ ಅವನು ಕೇಳಿದ, "ನಿನ್ನ ಅಜ್ಜಿಮನೆಯ ಬರೆಯಲ್ಲಿ ಬಾಗಿಲು ಇರುವ ಜೇಡ ಉಂಟು ಅಂತಿದ್ದಿಯಲ್ಲ ಮಾರಾಯ, ಒಂದು ಅಗೆದು ತರುವನಾ?"

ಉಂಟು, ಹೌದು. ಮೂಡುಬಿದಿರೆ ಕಡೆಯ ಅಜ್ಜಿಮನೆಗೆ ಇಳಿಯುವ ದಾರಿಯ ಪಕ್ಕದಲ್ಲಿ ಮುರಕಲ್ಲು ಮಣ್ಣಿನ ಬರೆ. ಅದರಲ್ಲಿ ಎಂಟಾಣೆ ನಾಣ್ಯದಷ್ಟು ಅಗಲದ ಮುಚ್ಚಳ, ಮೇಲೆ ಪಾಚಿ. ಸಣ್ಣವನಿದ್ದಾಗ ಹಿಡಿಸೂಡಿ ಕಡ್ಡಿಯಲ್ಲಿ ಅದನ್ನು ಎಬ್ಬಿಸಲು ನೋಡಿದರೆ ಒಳಗಿನಿಂದ ಯಾರೋ ಎಳೆದು ಹಿಡಿದ ಹಾಗೆ ಆಗುತ್ತಿತ್ತು. ಎಳೆಯುತ್ತಿದ್ದದ್ದು ಜೇಡವೇ, ಹಲ್ಲು ಮತ್ತು ಉಗುರುಗಳನ್ನು ಮುಚ್ಚಳಕ್ಕೆ ಸಿಕ್ಕಿಸಿಕೊಂಡು. ಒಮ್ಮೆ ಮಾವನ ಹಾರೆ ತಂದು ಅಗೆದೂ ಬಿಟ್ಟಿದ್ದೆ. ಸಿಕ್ಕಿದ ಜೇಡವನ್ನು ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟೆ. ಅದು ಮಣ್ಣಿನ ಮೇಲೆ ಸುಮ್ಮನೆ ಕೂತಿತು, ಬಿಲ ತೋಡಲೇ ಇಲ್ಲ. ಐದನೇ ದಿನ ಸತ್ತಿತ್ತು.

ಗೆಳೆಯನಿಗೆ ಕೂಡಲೇ ಆಯ್ತು ಅನ್ನಲಿಲ್ಲ. ಮೊದಲು ಅದರ ಹೆಸರು ಹುಡುಕುವ ಅಂದೆ. ಅಲ್ಲಿಂದ ನಾನು ಜೇಡ ಬಿಟ್ಟು ಇತಿಹಾಸಕ್ಕೆ ಬಿದ್ದೆ.

ನಮ್ಮ ಕಡೆಯ ಈ ದೊಡ್ಡ ಜೇಡಗಳಿಗೆ ಹೆಸರಿಟ್ಟವರಲ್ಲಿ ಮುಖ್ಯನಾದವನು ರೆಜಿನಾಲ್ಡ್ ಪೋಕಾಕ್, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸಕ್ಕಿದ್ದವನು. ಭಾರತದಿಂದ ಹೋದ ಸ್ಪಿರಿಟ್ ಬಾಟಲಿಗಳನ್ನು ಮುಂದಿಟ್ಟುಕೊಂಡು 1899ರಲ್ಲಿ ಸಾಲು ಸಾಲು ಜಾತಿಗಳನ್ನು ವಿವರಿಸಿದ. 1900ರಲ್ಲಿ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಯ ಜೇಡ-ಚೇಳುಗಳ ಸಂಪುಟ ಬಂತು. ಅವನು ಹೆಸರಿಟ್ಟ ಥ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್ ಎಂಬ ಜೇಡಕ್ಕೆ ಇವತ್ತಿನ ಇಂಗ್ಲಿಷ್ ಹೆಸರು ಕಾರವಾರ ಲಾರ್ಜ್ ಬರೋಯಿಂಗ್ ಸ್ಪೈಡರ್. ಟ್ರುಕ್ಯುಲೆಂಟಸ್ ಅಂದರೆ ಲ್ಯಾಟಿನ್ನಿನಲ್ಲಿ ಉಗ್ರ. ಸ್ಪಿರಿಟ್ಟಿನಲ್ಲಿ ಮುದುಡಿ ಬಿದ್ದದ್ದು ಎಷ್ಟು ಉಗ್ರವಾಗಿ ಕಂಡಿತೋ! ಇದು ಬರೆಯಲ್ಲಿ ಬಿಲ ತೋಡುತ್ತದೆ, ಆದರೆ ಬಾಗಿಲು ಇಡುವುದಿಲ್ಲ, ಬಾಯಿಗೆ ರೇಷ್ಮೆಯ ಅಂಚು ಮಾತ್ರ. ನನ್ನ ಅಜ್ಜಿಮನೆಯದ್ದು ಇದಲ್ಲ.

ಕಾರವಾರವೇ ಯಾಕೆ, ಮಂಗಳೂರು ಯಾಕಲ್ಲ? ಕೆನರಾ ಜಿಲ್ಲೆ ಮೊದಲು ಒಂದೇ ಆಗಿ ಮದ್ರಾಸಿಗೆ ಸೇರಿತ್ತು. ಎರಡಾಗಿ ಒಡೆದ ಮೇಲೆ 1862ರಲ್ಲಿ ಉತ್ತರದ ಭಾಗ ಬೊಂಬಾಯಿ ಪ್ರೆಸಿಡೆನ್ಸಿಗೆ ಹೋಯಿತು. ನಾವು ಮದ್ರಾಸಿನಲ್ಲೇ ಉಳಿದೆವು. ಬೊಂಬಾಯಿಯಲ್ಲಿ 1883ರಲ್ಲಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್ ಉಪ್ಪು ಮತ್ತು ಸುಂಕದ ಇಲಾಖೆಯವನು. ಅವನ ಜೊತೆಗಾರ ಟಿ. ಆರ್. ಬೆಲ್ ಅರಣ್ಯಾಧಿಕಾರಿ. ಇಬ್ಬರೂ ಡೇವಿಡ್ಸನ್ ಎಂಬವನ ಜೊತೆ ಸೇರಿ 1890ರ ದಶಕದಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದರು. ಬೆಲ್ ನಿವೃತ್ತನಾದ ಮೇಲೂ ಊರಿಗೆ ಹೋಗದೆ ಕಾರವಾರದಲ್ಲೇ ಇದ್ದು 1948ರಲ್ಲಿ ಅಲ್ಲೇ ತೀರಿಕೊಂಡ. ಇಂಥ ಹುಚ್ಚರ ಗುಂಪೊಂದು ಆ ಕಡೆ ಬಿತ್ತು, ಈ ಕಡೆ ಬೀಳಲಿಲ್ಲ. ಆಡಳಿತದ ಗೆರೆಯೊಂದು ಜೇಡದ ಹೆಸರಿನಲ್ಲೂ ಕೂತಿದೆ ಅಂತ ನನ್ನ ಅಂದಾಜು. ಜೇಡಕ್ಕೆ ಪ್ರೆಸಿಡೆನ್ಸಿ ಎಂತ ಗೊತ್ತು!

ಮುರಕಲ್ಲಿನದ್ದೂ ಹೀಗೇ ಒಂದು ಕತೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ, ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ. ಅವನು ಆ ಹೆಸರು ಕೊಟ್ಟದ್ದು ಮಲಬಾರಿನ ಅಂಗಾಡಿಪುರದಲ್ಲಿ ನೋಡಿದ ಕಲ್ಲಿಗೆ. ಅಲ್ಲೂ ನಮಗೆ ಚಾನ್ಸ್ ತಪ್ಪಿತು.

ಪೋಕಾಕ್ ಆದ ಮೇಲೆ ಕಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನ ಗ್ರೇವ್ಲಿ 1915ರಲ್ಲಿ ಈ ಗುಂಪಿನ ಬಗ್ಗೆ ಬರೆದ. ನಂತರ ಕೆಲಸ ತುಂಬಾ ತಣ್ಣಗಾಯಿತು. ಕಾರವಾರದ ಜೇಡವನ್ನು ಮಂಜು ಸಿಲಿವಾಲ್ ಮತ್ತು ಸಂಜಯ್ ಮೊಳೂರ್ ಮತ್ತೆ ವಿವರವಾಗಿ ಬರೆದದ್ದು 2009ರಲ್ಲಿ, ಅಂದರೆ 110 ವರ್ಷಗಳ ಮೇಲೆ.

ಹಾಗಾದರೆ ಅಜ್ಜಿಮನೆಯದ್ದು ಯಾವುದು? ಬಾಗಿಲು ದಪ್ಪವಾಗಿ, ಬಿರಡೆಯ ಹಾಗೆ ಕೂರುತ್ತದೆ. ಹಲ್ಲಿನ ಬುಡದಲ್ಲಿ ಮಣ್ಣು ತೋಡುವ ಮುಳ್ಳುಗಳ ಸಾಲು ಉಂಟು. ಎಂಟು ಕಣ್ಣುಗಳಲ್ಲಿ ಎರಡು ಉಳಿದವುಗಳಿಂದ ತುಂಬಾ ಮುಂದೆ, ತಲೆಯ ಅಂಚಿನಲ್ಲೇ ಕೂತಿವೆ. ಇಷ್ಟು ನೋಡಿದರೆ ಇಡಿಯೋಪಿಡೇ ಕುಟುಂಬ ಅನ್ನಬಹುದು. ಜಾತಿ ಯಾವುದೆಂದು ಫೋಟೋ ನೋಡಿ ಹೇಳಲಾಗುವುದಿಲ್ಲ. ಗಂಡಾದರೆ ಬಾಯಿಯ ಪಕ್ಕದ ಸಣ್ಣ ಕೈಗಳ ತುದಿ, ಹೆಣ್ಣಾದರೆ ಹೊಟ್ಟೆಯೊಳಗಿನ ವೀರ್ಯಕೋಶದ ಆಕಾರ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೆಣ್ಣು ಬಿಲ ಬಿಡುವುದೇ ಇಲ್ಲ. ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಣ್ಣು ಹುಡುಕಿ ಹೊರಗೆ ಅಲೆಯುತ್ತದೆ.

"ಪೊರೆ ಬಿಟ್ಟರೆ ಅದರಲ್ಲೇ ನೋಡ್ಬಹುದು, ಕೊಲ್ಲುವುದು ಬೇಡ" ಅಂದ ಗೆಳೆಯ. ಸಾಕುವವರಿಗೆ ಇದೆಲ್ಲ ಗೊತ್ತಿರುತ್ತದೆ, ನನಗೆ ಗೊತ್ತಿರಲಿಲ್ಲ.

ಅವನ ಡಬ್ಬಿಯ ಜೇಡಕ್ಕೂ ಹೆಸರಿನ ತಾಪತ್ರಯ. ಬ್ರಾಕಿಪೆಲ್ಮಾ ಸ್ಮಿತಿ ಅಂತ ಕೊಟ್ಟಿದ್ದರಂತೆ. ಈ ಜೇಡವನ್ನು ಮಾರುಕಟ್ಟೆಗೆಂದು ಕಾಡಿನಿಂದ ಎಷ್ಟು ಹಿಡಿದರೆಂದರೆ 1985ರಲ್ಲೇ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಬೇಕಾಯಿತು. 2017ರಲ್ಲಿ ಮೆಕ್ಸಿಕೋದ ಸಂಶೋಧಕರು ಕೂತು ನೋಡಿದರೆ, ಸ್ಮಿತಿ ಅಂತ ಸಾಕುತ್ತಿದ್ದದ್ದರಲ್ಲಿ ಬಹಳಷ್ಟು ಹಮೋರಿ ಎಂಬ ಬೇರೆ ಜಾತಿ. ನಮ್ಮ ದೇಶಕ್ಕೆ ಇವು ಹೇಗೆ ಬರುತ್ತವೆ ಅಂತ ಒಂದು ಅಂದಾಜು 2021ರ ಜುಲೈಯಲ್ಲಿ ಸಿಕ್ಕಿತು. ಪೋಲೆಂಡಿನಿಂದ ಚೆನ್ನೈಗೆ ಬಂದ ಅಂಚೆ ಪಾರ್ಸೆಲ್ಲಿನಲ್ಲಿ ಬೆಳ್ಳಿ ಹಾಳೆ, ಹತ್ತಿ ಸುತ್ತಿದ ಸಣ್ಣ ಕುಪ್ಪಿಗಳಲ್ಲಿ 107 ಜೀವಂತ ಜೇಡಗಳು. ಕಸ್ಟಮ್ಸ್‌ನವರು ಹಿಡಿದರು.

2022ರ ತಿದ್ದುಪಡಿಯ ನಂತರ ನಮ್ಮ ವನ್ಯಜೀವಿ ಕಾಯ್ದೆಯ ನಾಲ್ಕನೇ ಷೆಡ್ಯೂಲಿನಲ್ಲಿ ಸೈಟಿಸ್ ಜೀವಿಗಳು ಬಂದಿವೆ. ಅಂಥದ್ದನ್ನು ಮನೆಯಲ್ಲಿಟ್ಟವರು ನೋಂದಣಿ ಮಾಡಿಸಬೇಕು, ಅದಕ್ಕೆ 2024ರಲ್ಲಿ ನಿಯಮಗಳೂ ಬಂದವು. ಗೆಳೆಯ ಮಾಡಿಸಿರಲಿಲ್ಲ. ಬಿಲ್ಲೂ ಇಲ್ಲ. ಈ ಮಾತು ಬಂದಾಗ ಅವನ ಮುಖ ಸಣ್ಣದಾಯಿತು.

ನಾನು ಅವನಿಗೆ ನಂಬರ್ 16ರ ಕತೆ ಹೇಳಿದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬವರು 1974ರಲ್ಲಿ ಬಾಗಿಲ ಜೇಡಗಳ ಬಿಲಗಳಿಗೆ ನಂಬರ್ ಹಾಕಿ ಲೆಕ್ಕ ಇಡಲು ಶುರುಮಾಡಿದರು. ಅದರಲ್ಲಿ 16ನೆಯದು ಒಂದೇ ಬಿಲದಲ್ಲಿ 43 ವರ್ಷ ಬದುಕಿತು. 2016ರಲ್ಲಿ ಅದರ ಮುಚ್ಚಳದಲ್ಲಿ ತೂತು ಕಂಡಿತು, ಕಣಜದ ಕೆಲಸ. ಹಾರ್ಲಿಕ್ಸ್ ಬಾಟಲಿಯಲ್ಲಿ ಸತ್ತದ್ದಕ್ಕೆ ಎಷ್ಟು ಪ್ರಾಯ ಆಗಿತ್ತೋ ಏನೋ, ನನಗಿಂತ ದೊಡ್ಡದೂ ಇರಬಹುದಿತ್ತು.

ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಇಬ್ಬರೂ ಅಜ್ಜಿಮನೆಗೆ ಹೋದೆವು. ಮನೆಯವರೆಗೆ ಕಾರು ಇಳಿಯಲಿ ಅಂತ ಮಾವ ದಾರಿ ಅಗಲ ಮಾಡಿಸಿದ್ದರು. ಜೆಸಿಬಿ ಬರೆಯನ್ನು ಮುಕ್ಕಾಲು ಭಾಗ ನೇರಕ್ಕೆ ಕೆರೆದಿತ್ತು. "ಎಂತ ಹುಡುಕ್ತಿದ್ದೀರಿ? ಹಾವಾ?" ಅಂತ ಮೇಲಿನಿಂದ ಮಾವ. ಉಳಿದ ಕಾಲುಭಾಗದಲ್ಲಿ ಟಾರ್ಚ್ ಹಾಕಿ ಒಂದು ಗಂಟೆ ನೋಡಿದ ಮೇಲೆ ಎರಡು ಮುಚ್ಚಳ ಸಿಕ್ಕಿದವು. ಒಂದು ಕೂದಲೆಳೆಯಷ್ಟು ತೆರೆದಿತ್ತು, ಅಂಚಿನಲ್ಲಿ ಕಾಲಿನ ತುದಿಗಳು. ಗೆಳೆಯ ಬ್ಯಾಗಿನಲ್ಲಿ ಡಬ್ಬಿ, ಸಣ್ಣ ಕರಣೆ ಎಲ್ಲ ತಂದಿದ್ದ. ತೆಗೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಉಳಿದದ್ದನ್ನು ಕೆರೆಯುವುದು ಬೇಡ ಅಂತ ನಿನ್ನ ಮಾವನಿಗೆ ಹೇಳ್ತೀಯಾ, ನಾನು ಹೇಳ್ಬೇಕಾ?"

ನಾನೇ ಹೇಳಿದೆ. ಮಳೆ ನಿಂತ ಮೇಲೆ ನೋಡುವ ಅಂದರು ಮಾವ.