ಸೂಪರ್‌ಕೆಪಾಸಿಟರ್

ಸೂಪರ್‌ಕೆಪಾಸಿಟರ್ ಎಂಬುದು ವಿದ್ಯುತ್ತನ್ನು ಬ್ಯಾಟರಿಯಂತೆ ರಾಸಾಯನಿಕ ಕ್ರಿಯೆಯ ಮೂಲಕವಲ್ಲದೆ, ಮುಖ್ಯವಾಗಿ ಸ್ಥಾಯಿ ವಿದ್ಯುದಂಶದ ರೂಪದಲ್ಲಿ ಸಂಗ್ರಹಿಸಿಡುವ ಸಾಧನ. ಇದನ್ನು ಅಲ್ಟ್ರಾಕೆಪಾಸಿಟರ್ ಎಂದೂ ಕರೆಯುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಚಾರ್ಜ್ ಆಗುವುದು, ಅಷ್ಟೇ ವೇಗವಾಗಿ ವಿದ್ಯುತ್ತನ್ನು ಬಿಟ್ಟುಕೊಡುವುದು ಮತ್ತು ಲಕ್ಷಾಂತರ ಬಾರಿ ಬಳಸಿದರೂ ಹೆಚ್ಚು ಸವೆಯದಿರುವುದು ಇದರ ವಿಶೇಷ ಗುಣಗಳು. ಈ ಗುಣಗಳಿಂದಾಗಿ ಮುಂದಿನ ಕಾರುಗಳಲ್ಲಿ ಬ್ಯಾಟರಿಯ ಸ್ಥಾನವನ್ನು ಇದು ತುಂಬಬಹುದೆಂಬ ನಿರೀಕ್ಷೆ ಹಲವು ಬಾರಿ ವ್ಯಕ್ತವಾಗಿದೆ. ಆದರೆ ಅಷ್ಟೇ ತೂಕದ ಲಿಥಿಯಂ ಅಯಾನ್ ಬ್ಯಾಟರಿಗೆ ಹೋಲಿಸಿದರೆ ಇದರಲ್ಲಿ ಹಿಡಿಯುವ ಶಕ್ತಿ ಬಹಳ ಕಡಿಮೆ. ಆದ್ದರಿಂದ ಕಾರುಗಳಲ್ಲಿ ಇದು ಮುಖ್ಯ ಶಕ್ತಿಮೂಲವಾಗಿ ಅಲ್ಲ, ಸಹಾಯಕ ಸಾಧನವಾಗಿಯೇ ಬಳಕೆಯಲ್ಲಿದೆ.

ಇತಿಹಾಸ

ವಿದ್ಯುದಂಶವನ್ನು ಹಿಡಿದಿಡುವ ಮೊದಲ ಸಾಧನವಾದ ಲೇಡನ್ ಜಾಡಿ 1745-46ರಲ್ಲಿ ರೂಪುಗೊಂಡಿತು. ಘನವಸ್ತುವೊಂದು ದ್ರಾವಣವನ್ನು ಮುಟ್ಟುವ ಗಡಿಯಲ್ಲಿ ವಿರುದ್ಧ ವಿದ್ಯುದಂಶಗಳು ಎರಡು ಪದರಗಳಾಗಿ ನಿಲ್ಲುತ್ತವೆ ಎಂಬ ವಿಚಾರವನ್ನು ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1853ರಲ್ಲಿ ಮಂಡಿಸಿದರು. ಇದನ್ನೇ ದ್ವಿಪದರ ಎನ್ನುತ್ತಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಹೊವಾರ್ಡ್ ಬೆಕರ್ ರಂಧ್ರಯುಕ್ತ ಇಂಗಾಲವನ್ನು ಬಳಸಿದ ಧಾರಕಕ್ಕೆ 1957ರಲ್ಲಿ ಪೇಟೆಂಟ್ ಪಡೆದರು. 1966ರಲ್ಲಿ ಸ್ಟಾಂಡರ್ಡ್ ಆಯಿಲ್ ಆಫ್ ಓಹಾಯೊ ಸಂಸ್ಥೆಯ ರಾಬರ್ಟ್ ರೈಟ್‌ಮೈರ್ ಅವರಿಗೆ ಇನ್ನೊಂದು ಪೇಟೆಂಟ್ ದೊರೆಯಿತು. ಈ ತಂತ್ರಜ್ಞಾನದ ಪರವಾನಗಿಯನ್ನು ಪಡೆದ ಜಪಾನಿನ ಎನ್‌ಇಸಿ ಸಂಸ್ಥೆ 1970ರ ದಶಕದಲ್ಲಿ ‘ಸೂಪರ್‌ಕೆಪಾಸಿಟರ್’ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಕೆನಡಾದ ಒಟಾವಾ ವಿಶ್ವವಿದ್ಯಾಲಯದ ಬ್ರಯನ್ ಕಾನ್ವೇ ರುಥೇನಿಯಂ ಆಕ್ಸೈಡ್ ಮೇಲೆ ನಡೆಸಿದ ಸಂಶೋಧನೆಗಳು ಈ ಕ್ಷೇತ್ರದ ಶಾಸ್ತ್ರೀಯ ಅಧ್ಯಯನಕ್ಕೆ ತಳಹದಿಯಾದವು.

ರಚನೆ ಮತ್ತು ಕಾರ್ಯವಿಧಾನ

ಸೂಪರ್‌ಕೆಪಾಸಿಟರಿನಲ್ಲಿ ಎರಡು ವಿದ್ಯುದ್ವಾರಗಳು, ಅವುಗಳ ನಡುವೆ ತೆಳುವಾದ ವಿಭಾಜಕ ಹಾಳೆ ಮತ್ತು ಅಯಾನುಗಳಿಂದ ಕೂಡಿದ ದ್ರಾವಣ ಇರುತ್ತವೆ. ವಿದ್ಯುದ್ವಾರಗಳನ್ನು ಸಾಮಾನ್ಯವಾಗಿ ಸಕ್ರಿಯಗೊಳಿಸಿದ ಇಂಗಾಲದಿಂದ ತಯಾರಿಸುತ್ತಾರೆ. ಇದಕ್ಕೆ ತೆಂಗಿನ ಕರಟದ ಇದ್ದಿಲು ಒಂದು ಪ್ರಮುಖ ಕಚ್ಚಾವಸ್ತು. ಅಸಂಖ್ಯ ಸೂಕ್ಷ್ಮ ರಂಧ್ರಗಳಿರುವ ಇಂತಹ ಇಂಗಾಲದ ಒಂದು ಗ್ರಾಮಿನ ಒಟ್ಟು ಮೇಲ್ಮೈ ವಿಸ್ತೀರ್ಣ 1,000 ಚದರ ಮೀಟರನ್ನೂ ಮೀರಬಹುದು. ಚಾರ್ಜ್ ಮಾಡಿದಾಗ ಧನ ಅಯಾನುಗಳು ಋಣ ವಿದ್ಯುದ್ವಾರದ ಮೇಲ್ಮೈಗೂ, ಋಣ ಅಯಾನುಗಳು ಧನ ವಿದ್ಯುದ್ವಾರದ ಮೇಲ್ಮೈಗೂ ಸರಿದು ನಿಲ್ಲುತ್ತವೆ. ಬಳಸುವಾಗ ಅವು ಹಿಂದಿರುಗುತ್ತವೆ.

ಬ್ಯಾಟರಿಯಲ್ಲಿ ಅಯಾನುಗಳು ವಿದ್ಯುದ್ವಾರದ ಒಳಭಾಗವನ್ನು ಪ್ರವೇಶಿಸಿ ರಾಸಾಯನಿಕ ಬದಲಾವಣೆಯನ್ನು ಉಂಟುಮಾಡುತ್ತವೆ. ಇದಕ್ಕೆ ಸಮಯ ಬೇಕು ಮತ್ತು ಪ್ರತಿ ಬಾರಿಯೂ ವಿದ್ಯುದ್ವಾರ ಸ್ವಲ್ಪ ಸವೆಯುತ್ತದೆ. ಸೂಪರ್‌ಕೆಪಾಸಿಟರಿನ ವ್ಯವಹಾರವೆಲ್ಲ ಮೇಲ್ಮೈಯಲ್ಲೇ ನಡೆಯುತ್ತದೆ. ಅದರ ವೇಗಕ್ಕೂ ದೀರ್ಘ ಬಾಳಿಕೆಗೂ ಇದೇ ಕಾರಣ. ಅದರಲ್ಲಿ ಶಕ್ತಿ ಕಡಿಮೆ ಹಿಡಿಯುವುದಕ್ಕೂ ಕಾರಣ ಇದೇ.

ಶಕ್ತಿ ಮತ್ತು ಸಾಮರ್ಥ್ಯ

ಸಂಗ್ರಹವಾದ ಒಟ್ಟು ಪ್ರಮಾಣವನ್ನು ಶಕ್ತಿ ಎಂದೂ, ಅದನ್ನು ತುಂಬುವ ಅಥವಾ ತೆಗೆಯುವ ದರವನ್ನು ಸಾಮರ್ಥ್ಯ ಎಂದೂ ಕರೆಯುತ್ತಾರೆ. ಸೂಪರ್‌ಕೆಪಾಸಿಟರ್ ಸಾಮರ್ಥ್ಯದಲ್ಲಿ ಮುಂದು, ಶಕ್ತಿಯಲ್ಲಿ ಹಿಂದು. ಇದನ್ನು ಬಾಯಿ ಅಗಲವಾದ ಚಿಕ್ಕ ಪಾತ್ರೆಗೂ, ಬ್ಯಾಟರಿಯನ್ನು ಬಾಯಿ ಕಿರಿದಾದ ದೊಡ್ಡ ಕೊಡಕ್ಕೂ ಹೋಲಿಸಬಹುದು.

ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಧಾರಕದಲ್ಲಿರುವ ಶಕ್ತಿ ದೊರೆಯುತ್ತದೆ. ವಾಹನಗಳಲ್ಲಿ ಬಳಸುವ 3,000 ಫ್ಯಾರಡ್, 2.7 ವೋಲ್ಟಿನ ಒಂದು ಕೋಶದಲ್ಲಿ ಈ ಲೆಕ್ಕದಂತೆ ಸುಮಾರು 3 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ಕೋಶದ ತೂಕ ಸುಮಾರು ಅರ್ಧ ಕಿಲೋಗ್ರಾಂ. ಅಂದರೆ ಒಂದು ಕಿಲೋಗ್ರಾಮಿಗೆ 6 ವ್ಯಾಟ್-ಗಂಟೆ. ಕಾರುಗಳ ಲಿಥಿಯಂ ಅಯಾನ್ ಕೋಶಗಳಲ್ಲಿ ಈ ಪ್ರಮಾಣ ಸಾಮಾನ್ಯವಾಗಿ 150ರಿಂದ 250 ವ್ಯಾಟ್-ಗಂಟೆಯಷ್ಟಿದೆ.

ವಿದ್ಯುತ್ ಕಾರೊಂದಕ್ಕೆ 100 ಕಿಲೋಮೀಟರ್ ಕ್ರಮಿಸಲು 15 ಕಿಲೋವ್ಯಾಟ್-ಗಂಟೆ ಬೇಕೆಂದುಕೊಂಡರೆ, ಅಷ್ಟನ್ನು ಒದಗಿಸುವ ಸೂಪರ್‌ಕೆಪಾಸಿಟರುಗಳ ತೂಕ 2,500 ಕಿಲೋಗ್ರಾಂ ಆಗುತ್ತದೆ. ಇದು ಕಾರಿನ ತೂಕಕ್ಕಿಂತಲೂ ಹೆಚ್ಚು. ಇನ್ನೊಂದೆಡೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಲಿಸುವ 1,200 ಕಿಲೋಗ್ರಾಂ ತೂಕದ ಕಾರಿನ ಚಲನಶಕ್ತಿ ಸುಮಾರು 46 ವ್ಯಾಟ್-ಗಂಟೆ ಮಾತ್ರ. ಬ್ರೇಕ್ ಒತ್ತಿದಾಗ ಶಾಖವಾಗಿ ನಷ್ಟವಾಗುವ ಈ ಶಕ್ತಿಯನ್ನು ಹಿಡಿದಿಡಲು ತತ್ತ್ವತಃ 8 ಕಿಲೋಗ್ರಾಂ ತೂಕದ ಸೂಪರ್‌ಕೆಪಾಸಿಟರುಗಳು ಸಾಕು. ವಾಹನಗಳಲ್ಲಿ ಇವುಗಳ ಉಪಯುಕ್ತತೆ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಈ ಎರಡು ಲೆಕ್ಕಗಳು ಸ್ಪಷ್ಟಪಡಿಸುತ್ತವೆ.

ವಾಹನಗಳಲ್ಲಿ ಬಳಕೆ

ಚೀನಾದ ಶಾಂಘೈ ನಗರದಲ್ಲಿ 2006ರಲ್ಲಿ ಸೂಪರ್‌ಕೆಪಾಸಿಟರ್ ಬಸ್ಸುಗಳ ಸಂಚಾರ ಆರಂಭವಾಯಿತು. ಒಮ್ಮೆ ಚಾರ್ಜ್ ಆದ ಬಸ್ಸು ಕೆಲವೇ ಕಿಲೋಮೀಟರ್ ಚಲಿಸಬಲ್ಲದು. ನಿಲ್ದಾಣಗಳಲ್ಲಿ ಪ್ರಯಾಣಿಕರು ಹತ್ತಿ ಇಳಿಯುವಾಗಲೇ ಅದು ಮೇಲಿನ ತಂತಿಯಿಂದ ಮತ್ತೆ ವಿದ್ಯುತ್ ಪಡೆಯುತ್ತದೆ. ನಿಗದಿತ ಮಾರ್ಗ ಮತ್ತು ಹತ್ತಿರ ಹತ್ತಿರದ ನಿಲ್ದಾಣಗಳಿರುವ ಬಸ್ಸಿಗೆ ಹೊಂದುವ ಈ ವ್ಯವಸ್ಥೆ ಎಲ್ಲೆಂದರಲ್ಲಿ ಓಡಾಡುವ ಖಾಸಗಿ ಕಾರಿಗೆ ಹೊಂದುವುದಿಲ್ಲ.

ಜಪಾನಿನ ಮಜ್ದಾ ಸಂಸ್ಥೆಯು 2012ರಿಂದ ಬಳಕೆಗೆ ತಂದ ಐ-ಎಲೂಪ್ ವ್ಯವಸ್ಥೆಯಲ್ಲಿ, ವೇಗ ತಗ್ಗುವಾಗ ಉತ್ಪತ್ತಿಯಾಗುವ ವಿದ್ಯುತ್ತು ಸೂಪರ್‌ಕೆಪಾಸಿಟರಿನಲ್ಲಿ ಸಂಗ್ರಹವಾಗಿ ದೀಪ, ಹವಾನಿಯಂತ್ರಣ ಮುಂತಾದವುಗಳಿಗೆ ಬಳಕೆಯಾಗುತ್ತದೆ. ಟೊಯೋಟಾ ಸಂಸ್ಥೆಯ ಟಿಎಸ್030 ಹೈಬ್ರಿಡ್ ರೇಸ್ ಕಾರು (2012) ಮತ್ತು ಲ್ಯಾಂಬೋರ್ಗಿನಿ ಸಂಸ್ಥೆಯ ಸಿಯಾನ್ ಕಾರು (2019) ಕೂಡ ಸೂಪರ್‌ಕೆಪಾಸಿಟರ್ ಹೊಂದಿದ್ದವು.

ಮಿತಿಗಳು

ಬಳಸುತ್ತ ಹೋದಂತೆ ಸೂಪರ್‌ಕೆಪಾಸಿಟರಿನ ವೋಲ್ಟೇಜ್ ಇಳಿಯುತ್ತದೆ. ಅದು ಅರ್ಧಕ್ಕೆ ಇಳಿಯುವಷ್ಟರಲ್ಲಿ ಮುಕ್ಕಾಲು ಪಾಲು ಶಕ್ತಿ ಖರ್ಚಾಗಿರುತ್ತದೆ. ಆದುದರಿಂದ ವೋಲ್ಟೇಜನ್ನು ಸ್ಥಿರಗೊಳಿಸುವ ಉಪಕರಣ ಅಗತ್ಯ. ಬಳಸದೆ ಬಿಟ್ಟರೂ ಇದು ಬ್ಯಾಟರಿಗಿಂತ ಬೇಗನೆ ಬರಿದಾಗುತ್ತದೆ.

ಅತಿ ವೇಗದ ಚಾರ್ಜಿಂಗಿಗೆ ಸಂಗ್ರಹ ಸಾಧನವಷ್ಟೇ ತಡೆಯಲ್ಲ. 50 ಕಿಲೋವ್ಯಾಟ್-ಗಂಟೆಯನ್ನು 5 ನಿಮಿಷದಲ್ಲಿ ತುಂಬಲು 600 ಕಿಲೋವ್ಯಾಟ್ ಸಾಮರ್ಥ್ಯದ ಸಂಪರ್ಕ ಬೇಕು. ಮನೆಯ 230 ವೋಲ್ಟ್, 16 ಆಂಪಿಯರ್ ಸಾಕೆಟ್ಟಿನಿಂದ ದೊರೆಯುವುದು ಸುಮಾರು 3.7 ಕಿಲೋವ್ಯಾಟ್ ಮಾತ್ರ.

ಈಡೇರದ ಭರವಸೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಈಸ್ಟೋರ್ ಸಂಸ್ಥೆಯು ಬೇರಿಯಂ ಟೈಟನೇಟ್ ಬಳಸಿದ, ಸುಮಾರು 52 ಕಿಲೋವ್ಯಾಟ್-ಗಂಟೆ ಶಕ್ತಿ ಹಿಡಿಯುವ ಧಾರಕದ ವಿನ್ಯಾಸಕ್ಕೆ 2006ರಲ್ಲಿ ಪೇಟೆಂಟ್ ಪಡೆಯಿತು. ಇದನ್ನು ನೆಚ್ಚಿ ಕೆನಡಾದ ಝೆನ್ ಮೋಟಾರ್ ಸಂಸ್ಥೆ ಹೊಸ ಕಾರನ್ನು ಘೋಷಿಸಿತು. ಆದರೆ ಅಂತಹ ಧಾರಕವೂ ಕಾರೂ ಮಾರುಕಟ್ಟೆಗೆ ಬರಲಿಲ್ಲ. ಪ್ರಯೋಗಾಲಯದ ಫಲಿತಾಂಶಗಳನ್ನು ಕೂಡ ಎಚ್ಚರದಿಂದ ಓದಬೇಕಾಗುತ್ತದೆ. ವಿದ್ಯುದ್ವಾರದ ತೆಳುಪದರವೊಂದರ ತೂಕವನ್ನಷ್ಟೇ ಪರಿಗಣಿಸಿ ನೀಡಿದ ಅಂಕಿಗಳು ಪೂರ್ಣ ಸಾಧನಕ್ಕೆ ಅನ್ವಯಿಸುವುದಿಲ್ಲವೆಂದು ಯೂರಿ ಗೊಗೊಟ್ಸಿ ಮತ್ತು ಪ್ಯಾಟ್ರಿಸ್ ಸಿಮೊನ್ 2011ರಲ್ಲಿ ತೋರಿಸಿಕೊಟ್ಟರು.

ಭಾರತದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಶುಕ್ಲಾ ಮತ್ತು ಅವರ ಸಹೋದ್ಯೋಗಿಗಳು ಸೀಸ-ಇಂಗಾಲ ಹೈಬ್ರಿಡ್ ಅಲ್ಟ್ರಾಕೆಪಾಸಿಟರುಗಳ ಮೇಲೆ ಸಂಶೋಧನೆ ನಡೆಸಿದ್ದಾರೆ. ಇದರಲ್ಲಿ ಒಂದು ವಿದ್ಯುದ್ವಾರ ಸೀಸ-ಆಮ್ಲ ಬ್ಯಾಟರಿಯದು, ಇನ್ನೊಂದು ಸಕ್ರಿಯ ಇಂಗಾಲದ್ದು. ಕೇರಳ ಸರ್ಕಾರದ ಕೆಲ್ಟ್ರಾನ್ ಸಂಸ್ಥೆಯು ಇಸ್ರೋ ಸಹಕಾರದೊಂದಿಗೆ ಕಣ್ಣೂರಿನಲ್ಲಿ ಸ್ಥಾಪಿಸಿದ ಸೂಪರ್‌ಕೆಪಾಸಿಟರ್ ಉತ್ಪಾದನಾ ಘಟಕ 2024ರಲ್ಲಿ ಆರಂಭವಾಯಿತು.

ಮುಂದಿನ ಸಾಧ್ಯತೆಗಳು

ಬ್ಯಾಟರಿ ಮತ್ತು ಧಾರಕದ ಗುಣಗಳನ್ನು ಕೂಡಿಸುವ ಲಿಥಿಯಂ ಅಯಾನ್ ಧಾರಕಗಳು ಈಗಾಗಲೇ ತಯಾರಾಗುತ್ತಿವೆ. ಇವುಗಳ ಶಕ್ತಿ ಸಾಂದ್ರತೆ ಸಾಮಾನ್ಯ ಸೂಪರ್‌ಕೆಪಾಸಿಟರಿಗಿಂತ ಹೆಚ್ಚು, ಬ್ಯಾಟರಿಗಿಂತ ಬಹಳ ಕಡಿಮೆ. ಗ್ರಾಫೀನ್ ಬಳಸಿ ಮೇಲ್ಮೈಯನ್ನು ಹೆಚ್ಚಿಸುವ ಪ್ರಯೋಗಗಳೂ ನಡೆದಿವೆ. ಕಾರಿನ ಓಟಕ್ಕೆ ಬೇಕಾದ ಶಕ್ತಿಯನ್ನು ಬ್ಯಾಟರಿಯಲ್ಲಿರಿಸಿ, ವೇಗೋತ್ಕರ್ಷ ಮತ್ತು ಬ್ರೇಕಿನ ಹಠಾತ್ ಹೊರೆಯನ್ನು ಸೂಪರ್‌ಕೆಪಾಸಿಟರಿಗೆ ವಹಿಸುವ ಜೋಡಿ ವ್ಯವಸ್ಥೆಯಿಂದ ಬ್ಯಾಟರಿಯ ಮೇಲಿನ ಒತ್ತಡ ತಗ್ಗಿ ಅದರ ಬಾಳಿಕೆ ಹೆಚ್ಚಬಲ್ಲದು. ಇದರಿಂದ ಹೆಚ್ಚುವ ತೂಕ ಮತ್ತು ವೆಚ್ಚಗಳನ್ನು ಈ ಲಾಭ ಸರಿದೂಗಿಸಬಲ್ಲದೇ ಎಂಬುದರ ಮೇಲೆ ಅದರ ಬಳಕೆ ಅವಲಂಬಿಸಿದೆ.