ಓದು ಬಾರದವರ ಮನೆಗೆ ಬಂದ ಕವಿತೆ

ಓದು ಬಾರದವರ ಮನೆಗೆ ಅಚ್ಚಾದ ಕವಿತೆ ಹೇಗೆ ಬಂತು? ನಾವು ಓದಿದ ಪಠ್ಯಗಳಲ್ಲಿ ಕವಿಯ ಹುಟ್ಟೂರು, ಪ್ರಶಸ್ತಿಗಳ ಪಟ್ಟಿ ಇತ್ತು; ಈ ಪ್ರಶ್ನೆ ಇರಲಿಲ್ಲ. ಮಗ್ಗೆ ಸುತ್ತಿನ ಕಾಫಿ ತೋಟದ ಲೈನುಮನೆಗಳಲ್ಲಿ ಬೆಳೆದ ನಮಗೆ ಮಾತ್ರ ಇದು ಮುಖ್ಯ. ನಮ್ಮ ಮನೆಗೆ ಪುಸ್ತಕಕ್ಕಿಂತ ಮುಂಚೆ ಬಂದದ್ದು ಕ್ಯಾಸೆಟ್ಟು. ನಾವು ಹುಟ್ಟುವ ಮೊದಲೇ ಅಪ್ಪ ಹಾಸನದಿಂದ ತಂದದ್ದು. ಹೆಸರು ‘ನಿತ್ಯೋತ್ಸವ’.

ಕೆ.ಎಸ್. ನಿಸಾರ್ ಅಹಮದ್ ಅವರ ಆ ಹೆಸರಿನ ಸಂಕಲನ ಬಂದದ್ದು 1976ರಲ್ಲಿ. 1978ರಲ್ಲಿ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಧ್ವನಿಸುರುಳಿ ಹೊರಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಅಂತ ಹೆಸರಾದದ್ದು ಇದೇ.

ಹಾಗಂತ ಅದಕ್ಕೂ ಮುಂಚೆ ಕವಿತೆ ಹಾಡಾಗಿರಲಿಲ್ಲ ಅಂತಲ್ಲ. ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ಊರೂರಿನ ವೇದಿಕೆಗೆ ಒಯ್ದಿದ್ದರು. ಆದರೆ ಹಳೆಯ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಾಲ್ಕು ನಿಮಿಷದ ಹಾಡು. ಪದ್ಯ ಉದ್ದವಾದರೆ ಚರಣ ಕತ್ತರಿಸಬೇಕು. ಆ ಪೆಟ್ಟಿಗೆಯೋ, ದೊಡ್ಡ ಮನೆಗಳ ಜಗಲಿಯ ಸಾಮಾನು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ಟು ಅಂಗೈಯಗಲ. ಒಂದೊಂದು ಮಗ್ಗುಲಿಗೆ ಅರ್ಧ ಗಂಟೆ. ಬ್ಯಾಟರಿ ಸೆಲ್ಲು ಇದ್ದರೆ ಸಾಕು, ಕರೆಂಟಿಲ್ಲದ ಲೈನಿನಲ್ಲೂ ಹಾಡುತ್ತದೆ. ಕವಿತೆ ನಮ್ಮ ಹೊಸ್ತಿಲು ದಾಟಿದ್ದು ಹೀಗೆ.

ಭಾವಗೀತೆ ಕಟ್ಟುವ ಕೆಲಸವೂ ಇದಕ್ಕೆ ಒದಗಿತು. ಪದ್ಯದ ಒಂದು ಸಾಲನ್ನು ಪಲ್ಲವಿ ಮಾಡಿ ಪ್ರತಿ ಚರಣ ಮುಗಿದಾಗಲೂ ಅಲ್ಲಿಗೇ ಮರಳುವುದು. ವಾದ್ಯ ಮಾತನ್ನು ನುಂಗದ ಹಾಗೆ ನೋಡಿಕೊಳ್ಳುವುದು. ಅಕ್ಷರ ಬಾರದ ನಮ್ಮ ಅವ್ವ ಹೀಗೆ ಮರಳಿ ಮರಳಿ ಕೇಳಿಯೇ ಇಡೀ ಪದ್ಯ ಕಲಿತಳು. ಅನಂತಸ್ವಾಮಿಯವರಿಗೆ ನಮ್ಮ ಋಣವಿದೆ.

ಋಣವಿದ್ದರೂ ಒಂದು ಮಾತು ಹೇಳಲೇಬೇಕು. ನಿಸಾರರು ಭೂವಿಜ್ಞಾನದ ಮೇಷ್ಟ್ರು. ಅವರ ಹಾಡಿನಲ್ಲಿ ಜೋಗ, ತುಂಗೆಯ ಜೊತೆಗೆ ಸಹ್ಯಾದ್ರಿಯ ಅದಿರೂ ಬರುತ್ತದೆ. ಆ ಹಾಡನ್ನು ಹಿಡಿದಿಟ್ಟ ಕಂದು ರೀಲಿನ ಮೇಲೆ ಬಳಿದಿದ್ದದ್ದೂ ಕಬ್ಬಿಣದ ಆಕ್ಸೈಡಿನ ಪುಡಿಯೇ. ಸಂಕಲನ ಬಂದ 1976ರಲ್ಲೇ ಕುದುರೆಮುಖದ ಅದಿರು ಕಂಪನಿಯೂ ಹುಟ್ಟಿತು. 2005ರ ಕೊನೆಗೆ ಅಲ್ಲಿಯ ಗಣಿ ನಿಂತಿತು. ಅದಿರು ಹಾಡಿಗೆ ಬಂತು. ಅಗೆದ ಕೈ ಬರಲಿಲ್ಲ. ಇದು ಕವಿಯ ಮೇಲಿನ ದೂರಲ್ಲ. ದೂರದಿಂದ ಕಂಡರೆ ನಮ್ಮ ಬೆಟ್ಟ ಉತ್ಸವವೇ. ಒಳಗಿನಿಂದ ಕಂಡವರಿಗೆ ಅದು ಜಿಗಣೆ, ಮಳೆ, ವಾರದ ಬಟವಾಡೆ.

ಒಳಗಿನಿಂದ ಕಂಡವರ ಹಾಡೂ ಆ ಹೊತ್ತಿಗೆ ಎದ್ದಿತ್ತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅದು ಕ್ಯಾಸೆಟ್ಟಿಗೆ ಕಾಯಲಿಲ್ಲ. ತಮಟೆಯ ಜೊತೆ ಬಾಯಿಂದ ಬಾಯಿಗೆ ಹೋಯಿತು.

ಬಾಯಲ್ಲೇ ಉಳಿದ ಹಾಡಿನ ಗತಿ ಏನಾಗುತ್ತದೆ ಅಂತಲೂ ನಾವು ಬಲ್ಲೆವು. ನಮ್ಮ ದೊಡ್ಡವ್ವ ನಾಟಿ ಗದ್ದೆಯಲ್ಲಿ ಹೆಣ್ಣಾಳುಗಳ ಸಾಲಿಗೆ ಹಾಡು ಎತ್ತಿಕೊಡುತ್ತಿದ್ದವಳು. ಒಂದು ರಾತ್ರಿ ಪಟ್ಟಣದಿಂದ ಯಾರೋ ಬಂದು, ಟೇಪು ಮುಂದಿಟ್ಟು, ಕೋಳಿ ಕೂಗುವ ತನಕ ಅವಳ ಕೈಲಿ ಹಾಡಿಸಿಕೊಂಡು ಹೋದರು. ಕ್ಯಾಸೆಟ್ಟು ಕಳಿಸುತ್ತೇವೆ ಅಂದಿದ್ದರು. ಅವಳು ಸಾಯುವ ತನಕ ಕಾದಳು. ಬರಲಿಲ್ಲ. ಈಗ ಆ ಹಾಡುಗಳಲ್ಲಿ ಅವ್ವನಿಗೆ ನೆನಪಿರುವುದು ಮೂರು. ನಮಗೆ ಒಂದೂ ಪೂರ್ತಿ ಬಾರದು.

2022ರಲ್ಲಿ ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯೇ ಇರಲಿ ಅಂತ ಸರ್ಕಾರ ಆದೇಶ ಮಾಡಿತು. ಒಂದು ಧಾಟಿಗೆ ಅದನ್ನು ಕಟ್ಟಿದವರ ಹೆಸರು ಉಳಿದದ್ದು ಸರಿಯೇ. ದೊಡ್ಡವ್ವನ ಧಾಟಿಗೆ ಯಾವ ಹೆಸರು?

ಟೇಪ್ ರೆಕಾರ್ಡರಿನಲ್ಲಿ ಕೇಳುವ ಗುಂಡಿಯ ಪಕ್ಕದಲ್ಲೇ ಹಿಡಿದಿಡುವ ಗುಂಡಿಯೂ ಇತ್ತು. ಹಾಳಾಗುತ್ತದೆ ಅಂತ ಹೆದರಿ ನಮ್ಮ ಮನೆಯಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ. ಇವತ್ತು ಆ ಗುಂಡಿ ಎಲ್ಲರ ಮೊಬೈಲಿನಲ್ಲಿದೆ. ಹಳ್ಳಿಯ ಮೇಷ್ಟ್ರುಗಳೆ, ಗೆಳೆಯರೆ, ನಿಮ್ಮ ಶಾಲೆಯ ಮಕ್ಕಳ ಅಜ್ಜಿಯರ ಹತ್ತಿರ ಹೋಗಿ. ಹಾಡಿಗಿಂತ ಮೊದಲು ಹಾಡುವವಳ ಹೆಸರು ಹೇಳಿಸಿ ಹಿಡಿದಿಡಿ. ಒಂದು ಪ್ರತಿಯನ್ನು ಅವರ ಮನೆಯಲ್ಲೇ ಬಿಟ್ಟು ಬನ್ನಿ.