ಚಳ್ಳಕೆರೆ–ಮೊಳಕಾಲ್ಮೂರು: ಸರ್ಕಾರಿ ಶಾಲಾ ಆಡಳಿತದ ಚರಿತ್ರೆ

ಚಿತ್ರದುರ್ಗ ಜಿಲ್ಲೆಯ ಆರು ಶೈಕ್ಷಣಿಕ ವಲಯಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎರಡು. ಒಂದೊಂದು ವಲಯಕ್ಕೂ ಬಿಇಒ ಎಂದೇ ಕರೆಸಿಕೊಳ್ಳುವ ಕ್ಷೇತ್ರ ಶಿಕ್ಷಣಾಧಿಕಾರಿ, ಒಂದು ಸಂಪನ್ಮೂಲ ಕೇಂದ್ರ, ಅದರ ಕೈಕೆಳಗೆ ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ಇದ್ದಾರೆ. ಇವರ ಮೇಲೆ ಚಿತ್ರದುರ್ಗದಲ್ಲಿ ಉಪನಿರ್ದೇಶಕರ ಕಚೇರಿ ಮತ್ತು ಶಿಕ್ಷಕರ ತರಬೇತಿಯ ಡಯಟ್ ಇವೆ. ತೆರಿಗೆ ಹಾಕುವ, ಶಿಕ್ಷಕರನ್ನು ನೇಮಿಸುವ, ಮತದಾರರಿಗೆ ಉತ್ತರ ಹೇಳುವ ಶಾಲಾ ಮಂಡಳಿ ಅಮೆರಿಕದ ಹಳ್ಳಿಗಾಡಿನಲ್ಲಿ ಇದ್ದಂತೆ ಇಲ್ಲಿಲ್ಲ. ಅದಕ್ಕೆ ಹತ್ತಿರವಾದದ್ದು ಒಂದು ದಶಕದ ಮಟ್ಟಿಗೆ ಇತ್ತು. ಜಿಲ್ಲೆಯ ಶಿಕ್ಷಣದ ಬಗೆಗಿನ ಬರಹಗಳು ಆ ದಶಕವನ್ನು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತವೆ.

ಗಡಿಯ ಗೊಂದಲ

ವಲಯದ ಗಡಿಯೆಂದರೆ ತಾಲ್ಲೂಕಿನ ಗಡಿ. ಹಳೆಯ ಅಂಕಿಗಳನ್ನು ಇಂದಿನವುಗಳ ಜೊತೆ ಇಟ್ಟು ನೋಡುವವರು ಎಡವುವುದು ಇಲ್ಲಿಯೇ. ಹತ್ತೊಂಬತ್ತನೇ ಶತಮಾನದ ಮೈಸೂರು ದಾಖಲೆಗಳಲ್ಲಿ ಚಳ್ಳಕೆರೆ ತಾಲ್ಲೂಕು ದೊಡ್ಡೇರಿ ಎಂಬ ಹೆಸರಿನಲ್ಲಿದೆ; ಕಚೇರಿ ಮಾತ್ರ ಚಳ್ಳಕೆರೆಯಲ್ಲಿ. ಆಗ ಚಿತ್ರದುರ್ಗಕ್ಕೆ ಸೇರಿದ್ದ ಪಾವಗಡ ಈಗ ತುಮಕೂರಿನದು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಹೀಗಿರುವಾಗ ‘ಚಿತ್ರದುರ್ಗ ಜಿಲ್ಲೆಯ ಶಾಲೆಗಳು’ ಎಂಬ ಶೀರ್ಷಿಕೆಯಡಿ ನೂರು ವರ್ಷದ ಪಟ್ಟಿಯನ್ನು ಒಂದೇ ಸಾಲಿನಲ್ಲಿ ಓದುವಂತಿಲ್ಲ.

ಇನ್ನೊಂದು ಗೊಂದಲ ಈಚಿನದು. ಚಳ್ಳಕೆರೆ ತಾಲ್ಲೂಕಿನಲ್ಲಿ ಕಸಬಾ, ತಳುಕು, ನಾಯಕನಹಟ್ಟಿ, ಪರಶುರಾಂಪುರ ಹೋಬಳಿಗಳಿವೆ. ಮೊಳಕಾಲ್ಮೂರಿನಲ್ಲಿ ಕಸಬಾ ಮತ್ತು ದೇವಸಮುದ್ರ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ತಳುಕು, ನಾಯಕನಹಟ್ಟಿ ಹೋಬಳಿಗಳು ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಕ್ಕೆ ಹೋದವು. ಚಿತ್ರದುರ್ಗ ತಾಲ್ಲೂಕಿನ ತುರುವನೂರು ಚಳ್ಳಕೆರೆ ಕ್ಷೇತ್ರಕ್ಕೆ ಬಂತು. ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು. ಹಾಗಾಗಿ ನಾಯಕನಹಟ್ಟಿಯ ಶಾಲೆಗೆ ಕೊಠಡಿ ಬೇಕಾದರೆ ಶಾಸಕರ ಅನುದಾನಕ್ಕೆ ಮೊಳಕಾಲ್ಮೂರು ಶಾಸಕರ ಬಳಿಗೂ, ಶಿಕ್ಷಕರು ಬೇಕಾದರೆ ಚಳ್ಳಕೆರೆ ಬಿಇಒ ಕಚೇರಿಗೂ ಅರ್ಜಿ ಹೋಗುತ್ತದೆ.

ಆರಂಭ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ. ಇಸಿಲ ಎಂಬ ಊರಿನ ಅಧಿಕಾರಿಗಳನ್ನು ಉದ್ದೇಶಿಸಿದ ಬ್ರಹ್ಮಗಿರಿ ಶಾಸನ, ತಂದೆತಾಯಿಯ ಮಾತು ಕೇಳಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು, ಇದು ಹಿಂದಿನಿಂದ ಬಂದ ನಡೆ ಎನ್ನುತ್ತದೆ. ಬರೆದ ಲಿಪಿಕಾರ ಚಪಡ ‘ಲಿಪಿಕಾರ’ ಎಂಬ ತನ್ನ ವೃತ್ತಿಯನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಇದನ್ನು ಹಿಡಿದು ಇಲ್ಲಿ ಮೌರ್ಯರ ಕಾಲದ ‘ಶಾಲೆ’ ಇತ್ತೆನ್ನುವುದು ಅತಿಯಾದೀತು. ಗುರುಶಿಷ್ಯ ಸಂಬಂಧ ಆಡಳಿತದ ಆದೇಶದೊಳಗೆ ಬರುವಷ್ಟು ಪರಿಚಿತವಾಗಿತ್ತು ಎನ್ನುವಷ್ಟಕ್ಕೆ ಆಧಾರವಿದೆ.

ಶಾಸನ ಶೋಧಕ ರೈಸ್‌ನನ್ನು ನೆನೆಯುವವರು ಶಾಲಾ ಆಡಳಿತಗಾರ ರೈಸ್‌ನನ್ನು ಮರೆಯುವುದುಂಟು. 1854ರ ವುಡ್ ವರದಿಯ ಬೆನ್ನಿಗೆ 1857ರಲ್ಲಿ ಮೈಸೂರಿನಲ್ಲಿ ಶಿಕ್ಷಣ ಇಲಾಖೆ ರೂಪುಗೊಂಡಿತ್ತು. ಆದರೆ ಅದರ ಶಾಲೆಗಳು ಪೇಟೆಗಳಲ್ಲೇ ಉಳಿದಿದ್ದವು. ಇಲಾಖೆಯ ಹೊಣೆ ಹೊತ್ತ ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆ ಮುಂದಿಟ್ಟ. ಕಟ್ಟಡ ಊರವರದು, ಮೇಷ್ಟ್ರನ್ನು ಆ ಸೀಮೆಯಿಂದಲೇ ಆರಿಸಿ ನಾರ್ಮಲ್ ಸ್ಕೂಲಿನಲ್ಲಿ ತಯಾರು ಮಾಡುವುದು. ಅದುವರೆಗೆ ಗುಡಿಯ ಪಡಸಾಲೆಯಲ್ಲೋ ಜಗಲಿಯಲ್ಲೋ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠಗಳ ಅಯ್ಯಗಳಿಗೆ ಊರವರು ದವಸವನ್ನೋ ಪುಡಿಗಾಸನ್ನೋ ಕೊಡುತ್ತಿದ್ದರು. ಹೋಬಳಿ ಶಾಲೆ ಬಂದದ್ದೇ, ಮೇಷ್ಟ್ರಿಗೆ ಸಂಬಳ, ಇನ್‌ಸ್ಪೆಕ್ಟರಿಗೆ ವರದಿ ಎಂಬ ವ್ಯವಸ್ಥೆ ಬಂತು. ಇಂದಿನ ವಲಯದ ಬೇರು ಇದೇ.

ಊರ ಮಧ್ಯದ ಶಾಲೆ ಎಲ್ಲರ ಶಾಲೆಯಾಗಲಿಲ್ಲ. ಈ ಸೀಮೆಯ ಗೊಲ್ಲರಹಟ್ಟಿಗಳು, ಮ್ಯಾಸಬೇಡರ ಹಟ್ಟಿಗಳು, ಲಂಬಾಣಿ ತಾಂಡಾಗಳು ಊರಿಂದ ಹೊರಗಿವೆ. ದನ, ಕುರಿಯ ಹಿಂದೆ ಹೋಗುವ ಮಕ್ಕಳು ಅಲ್ಲಿಗೆ ನಡೆದು ಬರುವುದು ಅಪರೂಪವಾಗಿತ್ತು. ಹಟ್ಟಿಯೊಳಗೇ ಕಿರಿಯ ಪ್ರಾಥಮಿಕ ಶಾಲೆ ತೆರೆಯುವ ಪರಿಪಾಠ ಬೆಳೆದದ್ದು ಸ್ವಾತಂತ್ರ್ಯಾನಂತರ. ಇಂದಿಗೂ ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳು ಹೆಚ್ಚಾಗಿ ಇವೇ.

1931–1941

1913ರ ಪ್ರಾಥಮಿಕ ಶಿಕ್ಷಣ ಕಾಯಿದೆ ಆಯ್ದ ಕೇಂದ್ರಗಳಲ್ಲಷ್ಟೇ ಕಡ್ಡಾಯ ಶಿಕ್ಷಣ ತಂದಿತು. ಹಳ್ಳಿಗಾಡಿಗೆ ಅದರ ಬಿಸಿ ತಟ್ಟಿದ್ದು ಕಡಿಮೆ. ನಿಜವಾದ ತಿರುವು 1930ರ ಕಾಯಿದೆ. ಅದು 1931ರಿಂದ ಪ್ರಾಥಮಿಕ ಶಾಲೆಗಳನ್ನು ಇಲಾಖೆಯ ಕೈಯಿಂದ ಬಿಡಿಸಿ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಒಪ್ಪಿಸಿತು. ಜಿಲ್ಲಾ ಬೋರ್ಡಿನ ನೆರಳಿನಲ್ಲಿದ್ದ ಈ ಪ್ರಾಧಿಕಾರವೇ ಶಾಲೆ ತೆರೆಯಬೇಕು, ಶಿಕ್ಷಕರನ್ನು ನೋಡಿಕೊಳ್ಳಬೇಕು, ಸರ್ಕಾರದ ಅನುದಾನಕ್ಕೆ ತನ್ನ ಸೆಸ್ಸಿನ ಹಣ ಕೂಡಿಸಬೇಕು.

ಹತ್ತು ವರ್ಷವಾಗುವಷ್ಟರಲ್ಲಿ ಪ್ರಯೋಗ ಮುಗಿಯಿತು. 1941ರ ಕಾಯಿದೆಯಡಿ ಸರ್ಕಾರ ಶಾಲೆಗಳನ್ನು ವಾಪಸು ಪಡೆಯಿತು. ಬೋರ್ಡುಗಳಿಗೆ ಆಡಳಿತದ ಯೋಗ್ಯತೆ ಇರಲಿಲ್ಲ ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಆದರೆ ಆರ್ಥಿಕ ಕುಸಿತದ ವರ್ಷಗಳಲ್ಲಿ, ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಇಂಥ ಸೀಮೆಯ ಕಂದಾಯದ ಮೇಲೆ ಹಾಕುವ ಸೆಸ್ಸಿನಿಂದ ಎಷ್ಟು ಶಾಲೆ ನಡೆದೀತು ಎಂಬ ಪ್ರಶ್ನೆಯನ್ನು ಬಿಟ್ಟು ಆ ತೀರ್ಮಾನಕ್ಕೆ ಬರುವುದು ಕಷ್ಟ. ಹಣವಿಲ್ಲದ ಕೈಗೆ ಹೊಣೆ ಕೊಟ್ಟು, ಸೋತಾಗ ಹೊಣೆಯನ್ನೇ ಕಿತ್ತುಕೊಂಡದ್ದಾಯಿತು. ಹಣದ ಮೂಲ ಒಂದೆಡೆ, ಅಧಿಕಾರ ಇನ್ನೊಂದೆಡೆ ಎಂಬ ಸ್ಥಿತಿ ಅಲ್ಲಿಂದೀಚೆಗೆ ಬದಲಾಗಿಲ್ಲ.

1941ರಿಂದ 1987ರವರೆಗಿನ ಕಥೆ ರಾಜ್ಯದ ಉಳಿದ ಕಡೆಯಂಥದೇ: 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ, ಊರೂರಿಗೆ ಶಾಲೆ, ಹೋಬಳಿಗಳಿಗೆ ಪ್ರೌಢಶಾಲೆ. ತಳುಕಿನ ಸಾಹಿತಿಗಳಾದ ಟಿ.ಎಸ್. ವೆಂಕಣ್ಣಯ್ಯ, ತ.ರಾ.ಸು. ಅವರ ಹೆಸರು ಈ ಪ್ರದೇಶದ ವಿದ್ಯಾಚರಿತ್ರೆಯಲ್ಲಿ ತಪ್ಪದೆ ಬರುತ್ತದೆ. ಸರ್ಕಾರಿ ಶಾಲಾ ಆಡಳಿತಕ್ಕೂ ಅವರಿಗೂ ನೇರ ಸಂಬಂಧವಿಲ್ಲ. ಶಿಕ್ಷಕರಾಗಿದ್ದ ಬೆಳಗೆರೆ ಕೃಷ್ಣಶಾಸ್ತ್ರಿಗಳ ಹೆಸರಿಗೆ ಇಲ್ಲಿ ಹೆಚ್ಚು ಹಕ್ಕಿದೆ.

ಇಂದಿನ ವ್ಯವಸ್ಥೆ

1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. 1993ರ ಪಂಚಾಯತ್ ರಾಜ್ ಕಾಯಿದೆ ತಾಲ್ಲೂಕು ಪಂಚಾಯಿತಿಯನ್ನು ತಂದಿತು. ಪ್ರಾಥಮಿಕ ಶಿಕ್ಷಕರ ಸಂಬಳ ತಾಲ್ಲೂಕು ಪಂಚಾಯಿತಿಯ ಲೆಕ್ಕದಲ್ಲಿ, ಪ್ರೌಢಶಾಲೆಯವರದು ಜಿಲ್ಲಾ ಪಂಚಾಯಿತಿಯ ಲೆಕ್ಕದಲ್ಲಿ ಬರುತ್ತದೆ. ಕಾಗದದ ಮೇಲೆ ಇದು 1931ರ ಮರುಹುಟ್ಟಿನಂತೆ ಕಾಣುತ್ತದೆ. ನಡೆಯುವುದು ಬೇರೆ: ನೇಮಕಾತಿಯ ನಿಯಮ, ವರ್ಗಾವಣೆಯ ಕೌನ್ಸೆಲಿಂಗ್, ಪಠ್ಯಪುಸ್ತಕ, ಪರೀಕ್ಷೆ ಎಲ್ಲವೂ ಬೆಂಗಳೂರಿನಿಂದ. ಪಂಚಾಯಿತಿಯ ಪಾಲಿಗೆ ಉಳಿದದ್ದು ಬಿಲ್ಲು ಮತ್ತು ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ನೋಡುವ ತಿಂಗಳ ಕೆಡಿಪಿ ಸಭೆ. 2021ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಆ ಸಭೆಯಲ್ಲೂ ಚುನಾಯಿತ ಪಂಚಾಯಿತಿ ಸದಸ್ಯರಿಲ್ಲದಂತಾಯಿತು.

ಹಳ್ಳಿಯವರ ಕೈಯಲ್ಲಿರುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಂತೆ 2001ರ ಏಪ್ರಿಲ್ 28ರ ಆದೇಶ ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಪೋಷಕರ ಈ ಸಮಿತಿಯನ್ನು ತಂದಿತು. ಅಧ್ಯಕ್ಷರು ಮುಖ್ಯಶಿಕ್ಷಕರ ಜೊತೆ ಬ್ಯಾಂಕಿನ ಜಂಟಿ ಖಾತೆಗೆ ಸಹಿ ಹಾಕುತ್ತಾರೆ. ಸುಣ್ಣಬಣ್ಣ, ನೀರಿನ ಸಿಂಟೆಕ್ಸ್, ಶೌಚಾಲಯದ ಬಾಗಿಲು ಇವುಗಳ ತೀರ್ಮಾನ ಅವರದು; ಮೇಷ್ಟ್ರು ಬೇಕೆಂದು ಕೇಳಬಹುದು, ತರಿಸಿಕೊಳ್ಳಲು ಬರುವುದಿಲ್ಲ. ಶಿಕ್ಷಕರ ವರ್ಗಾವಣೆಯ ವಿಂಗಡಣೆಯಲ್ಲಿ ಈ ಹಳ್ಳಿಗಳು ‘ಸಿ’ ವಲಯ. ನೇಮಕವಾಗಿ ಬಂದವರು ಸೇವಾವಧಿ ತುಂಬಿದೊಡನೆ ಊರ ಕಡೆ ಮುಖ ಮಾಡಿದರೆ ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬರುತ್ತಾರೆ.

ಹಟ್ಟಿಯ ಇಬ್ಬರು ಶಿಕ್ಷಕರ ಶಾಲೆಯಲ್ಲಿ ಬೆಳಗಿನ ಕೆಲಸ ಹಾಲಿನ ಪುಡಿ ಕದಡುವುದರಿಂದ ಶುರು. ಹಾಜರಿಯನ್ನು ಪುಸ್ತಕಕ್ಕೂ ಮೊಬೈಲಿಗೂ ಹಾಕಬೇಕು, ಬಿಸಿಯೂಟದ ತಲೆಲೆಕ್ಕ ಕಳಿಸಬೇಕು, ಅಕ್ಕಿಬೇಳೆಯ ದಾಸ್ತಾನು ಬರೆಯಬೇಕು. ನಡುವೆ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ನಲಿಕಲಿ ಕಾರ್ಡು ಹಂಚಬೇಕು. ಇಬ್ಬರಲ್ಲಿ ಒಬ್ಬರು ಸಭೆಗೆ ತಾಲ್ಲೂಕಿಗೆ ಹೋದ ದಿನ ಐದೂ ತರಗತಿ ಒಬ್ಬರ ಕೊರಳಿಗೆ.

ಜಿಲ್ಲೆಯ ಅಂಚಿನಲ್ಲಿ

ಮೊಳಕಾಲ್ಮೂರಿನ ಶಾಲೆಗಳ ಚರಿತ್ರೆಯಲ್ಲಿ ಬಳ್ಳಾರಿಯ ಗಡಿ ಮತ್ತೆ ಮತ್ತೆ ಎದುರಾಗುತ್ತದೆ, ಆದರೂ ಇದು ಬರಹಕ್ಕೆ ಬಂದದ್ದು ಕಡಿಮೆ. 1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದಲ್ಲಿ (ಡಿಪಿಇಪಿ) ಬಳ್ಳಾರಿ ಇತ್ತು, ಚಿತ್ರದುರ್ಗ ಇರಲಿಲ್ಲ. ಬಿಸಿಯೂಟ 2002ರಲ್ಲಿ ಬಳ್ಳಾರಿ ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾಯಿತು. ಚಿತ್ರದುರ್ಗಕ್ಕೆ ಬಂದದ್ದು ಮರುವರ್ಷ. 2021ರ ಡಿಸೆಂಬರಿನಲ್ಲಿ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗಲೂ ಬಳ್ಳಾರಿ ಪಟ್ಟಿಯಲ್ಲಿತ್ತು, ಇತ್ತ ಕಡೆಗೆ 2022ರಲ್ಲಿ ಬಂತು. ಸಂವಿಧಾನದ 371ಜೆ ವಿಧಿಯಡಿ ಬಳ್ಳಾರಿಗೆ ಸಿಗುವ ಮೀಸಲಾತಿ ಮತ್ತು ವಿಶೇಷ ಅನುದಾನವೂ ಆ ಗಡಿಯಲ್ಲೇ ನಿಲ್ಲುತ್ತದೆ. ಶೇಂಗಾ ಬೆಳೆ, ಬರ, ಗುಳೆ ಗಡಿಯ ಎರಡೂ ಕಡೆ ಒಂದೇ. ಜಿಲ್ಲೆಯನ್ನೇ ಘಟಕವಾಗಿಟ್ಟು ಹಿಂದುಳಿದಿರುವಿಕೆ ಅಳೆದರೆ ಅಂಚಿನ ತಾಲ್ಲೂಕಿಗೆ ಹೀಗೇ ಆಗುತ್ತದೆ.

ಪೂರ್ವದ ಗಡಿ ಭಾಷೆಯದು. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಕೆಯಾದಾಗ ರಾಯದುರ್ಗ ಆಂಧ್ರಕ್ಕೆ ಹೋಯಿತು. ಅಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಉಳಿದಿವೆ. ಇತ್ತ ಮೊಳಕಾಲ್ಮೂರು ಮತ್ತು ಪರಶುರಾಂಪುರ ಕಡೆಯ ಹಲವು ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆ ಕನ್ನಡ.

ವಿಜ್ಞಾನ ನಗರಿ ಮತ್ತು ಫಲಿತಾಂಶ

ಚಳ್ಳಕೆರೆಯ ಅಮೃತಮಹಲ್ ಹುಲ್ಲುಗಾವಲುಗಳನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ‘ವಿಜ್ಞಾನ ನಗರಿ’ಗೆ ಕೊಟ್ಟದ್ದು ಮೇವಿನ ಹಕ್ಕಿನ ವಿವಾದವಾಗಿ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಶಾಲೆಗಳಿಗೆ ಇದರಿಂದ ಸಿಕ್ಕ ಗುರುತಿಸಬಹುದಾದ ಲಾಭ, ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ನಡೆಯುವ ಪ್ರಯೋಗಾಲಯ ತರಬೇತಿ. ಆದರೆ ಅದು ಇಡೀ ರಾಜ್ಯದ ಶಿಕ್ಷಕರಿಗಾಗಿ ಇರುವಂಥದು.

2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಶೇ 96.80ರೊಂದಿಗೆ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿದರೂ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಚಿತ್ರದುರ್ಗ ಮೊದಲ ಹತ್ತರಿಂದ ಹೊರಬಿತ್ತು. ಹಿಂದಿನ ವರ್ಷದ್ದು ನಕಲಿನ ಫಲವೆಂದು ಕೆಲವರು, ವಿಶೇಷ ತರಗತಿಗಳ ಫಲವೆಂದು ಇಲಾಖೆಯವರು ವಾದಿಸುತ್ತಾರೆ. ಎರಡಕ್ಕೂ ಆಧಾರವಾಗಿ ಮುಂದಿಡುವುದು ಜಿಲ್ಲೆಯ ಸರಾಸರಿಯನ್ನೇ. ಅದರಲ್ಲಿ ಆರು ವಲಯಗಳೂ ಖಾಸಗಿ ಶಾಲೆಗಳೂ ಬೆರೆತಿರುವುದರಿಂದ ಈ ಎರಡು ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದ ಮೇಲೆ, ಯಾವ ಪರೀಕ್ಷೆಯ ಅಂಕಿ ಎಂಬುದನ್ನೂ ನೋಡದೆ ಹೋಲಿಸಲು ಬರುವುದಿಲ್ಲ.